ಮಲೆನಾಡಿನಲ್ಲಿ ಡೆನ್ಮಾರ್ಕಿನ ಊಟ

ಸಿನಿಮಾ ತೋರಿಸೋಕೆ ಹೋದವನಿಗೆ ಸಿನಿಮಾ ನೋಡೋ ಯೋಗ ಇರಲ್ಲ. ನೋಡುವವರ ಮುಖ ನೋಡೋದ್ರಲ್ಲೇ ಅರ್ಧ ಜೀವ ಹೋಗಿರುತ್ತೆ.

ಎಂಬತ್ತರ ದಶಕದ ಕೊನೆ. ಸಾಗರದಲ್ಲಿ ನಾವೊಂದಿಷ್ಟು ಜನ ಚಿತ್ರ ಸಮಾಜ ಕಟ್ಟಿಕೊಂಡಿದ್ದೆವು. ಊರಲ್ಲಿ ನಮಗಿದ್ದ ಜಾಗ ಒಂದೇ, ಅಡಿಕೆ ಮಂಡಿ ಯಜಮಾನರ ಸಭಾಭವನ. ಹಿಂದಿನ ಸಲ ಯಾವುದೋ ಫ್ರೆಂಚ್ ಸಿನಿಮಾದಲ್ಲಿ ಮುತ್ತಿಟ್ಟಿದ್ದಕ್ಕೆ ರಂಪವಾಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಭವನ ಕೊಡಲ್ಲ" ಅಂದಿದ್ದರು ಯಜಮಾನರು. ಈ ಸಲ ಬಂದದ್ದು ಡೆನ್ಮಾರ್ಕಿನದು. ಕಡಲಿಗೆ ಹೋದವರು ವಾಪಸು ಬಂದರೆಂದು ಮುದುಕಿಯೊಬ್ಬಳು ಊರಿಗೆಲ್ಲ ಊಟ ಹಾಕುವ ಕಥೆ.

"ಬರೀ ಅಡುಗೆ, ಊಟ. ಅಮ್ಮನ್ನೂ ಕರ್ಕೊಂಡ್ ಬನ್ನಿ" ಅಂದೆ ಯಜಮಾನರಿಗೆ. ನಾನಿನ್ನೂ ಅದನ್ನು ನೋಡಿರಲಿಲ್ಲ!

ತೀರ್ಥಹಳ್ಳಿ

ಸಾಗರಕ್ಕಿಂತ ಮೊದಲು ಸಿನಿಮಾ ಸುತ್ತಲಿನ ಊರುಗಳಿಗೆ ಹೋಯಿತು; ಮೊದಲ ಸರದಿ ಇಲ್ಲಿ. ಮೂರನೇ ರೀಲು ಶುರುವಾಗಿದ್ದೇ ತಡ, ಪರದೆ ತುಂಬ ಇಡೀ ಹಂದಿ! ಮುಂದಿನ ಸಾಲಿನ ಗೌಡರೊಬ್ಬರು ದಡಕ್ಕನೆ ಎದ್ದರು. ಕಥೆ ಮುಗೀತು ಅಂದುಕೊಂಡೆ.

"ಎಂಥಾ ಅನ್ಯಾಯ ಮಾರಾಯ್ರೆ! ಒಂದು ಮೆಣಸಿನಕಾಯಿ ಹಾಕ್ಲಿಲ್ವಲ್ರೀ ಆ ಯಮ್ಮ! ಅಷ್ಟು ಚಂದದ ಹಂದಿ ಹಾಳು ಮಾಡಿದ್ಲು!"

"ಹಂದಿ ಜೊತೆಗೆ ಕಡುಬೂ ಕಾಣ್ಸಲ್ಲ" ಅಂದರು ಪಕ್ಕದವರು, ಸತ್ತವರ ಮನೆಯಲ್ಲಿ ಮಾತಾಡುವಂತೆ.

ಹೊಸನಗರ

ಅಲ್ಲಿ ಉದ್ಘಾಟನೆಗೆ ಕರೆದಿದ್ದು ಮದುವೆ ಮನೆಗಳ ಅಡುಗೆ ಭಟ್ಟರನ್ನು. ಹಂದಿ ಬಂತು. ಭಟ್ಟರು ಅಲುಗಾಡಲಿಲ್ಲ. ಆಮೇಲೆ ಮುದುಕಿ ಸೌಟಿನಲ್ಲಿ ಸಾರು ತೆಗೆದು ರುಚಿ ನೋಡಿ, ಅದೇ ಸೌಟನ್ನು ಪಾತ್ರೆಗೆ ಅದ್ದಿದಳು.

"ಅಯ್ಯೋ! ಎಂಜಲು!" ಭಟ್ಟರು ಹೆಗಲ ಮೇಲಿನ ಶಾಲು ಅಲ್ಲೇ ಬಿಟ್ಟು ಹೊರಟರು.

ಹಿಂದೆ ಓಡಿದೆ. "ಭಟ್ರೆ, ಹಂದಿಗೆ ಸುಮ್ನಿದ್ರಲ್ಲ?"

"ಅದು ಅವರ ಪದ್ಧತಿ. ಎಂಜಲು ಯಾರ ಪದ್ಧತಿ ರೀ?"

ಸಾಗರ

ಹಂದಿ, ಎಂಜಲು ಎರಡೂ ಮೂರನೇ ರೀಲಿನಲ್ಲೇ ಇದ್ದವು. ಭವನ ಉಳಿಯಬೇಕಾದರೆ ಆ ರೀಲೇ ಬೇಡ ಅಂತ ನಾನೂ ಪ್ರೊಜೆಕ್ಟರ್ ಆಪರೇಟರೂ ತೀರ್ಮಾನಿಸಿದೆವು.

ಯಜಮಾನರ ಅಮ್ಮ ಓರಗೆಯವರ ದಂಡು ಕಟ್ಟಿಕೊಂಡು ಬಂದು ಮುಂದೆಯೇ ಕೂತರು. ಪರದೆಯ ಮೇಲೆ ನೆಂಟರು ಬಂದರು, ಮೇಜಿಗೆ ಕೂತರು. ನಾವು ಸೀದಾ ನಾಲ್ಕನೇ ರೀಲು ಹಾಕಿದೆವು. ನೆಂಟರು ಕೋಟು ಹಾಕಿಕೊಂಡು ಹೊರಟೇಬಿಟ್ಟರು!

ಸಭೆ ದಂಗಾಯಿತು. ಅಮ್ಮ ಎದ್ದು ನಿಂತರು. "ಎಂತದಾ ತಮಾ ಇದು! ಕರದು, ಕೂರ್ಸಿ, ಬಡಸ್ದೇ ಕಳ್ಸದಾ?"

"ಥೂ, ಅಪಶಕುನ! ಮದುವೆ ನಡೆಯೋ ಭವನ ಕಣ್ರೀ ಇದು!" ಯಜಮಾನರು ಬೀಗದ ಕೈ ಹಿಡಿದೇ ಬಂದರು.

ಇನ್ನೇನು ಉಳಿದಿತ್ತು? ಬಾಯಿಬಿಟ್ಟೆ. "ಬಡಿಸಿದ್ದಾರೆ ಅಮ್ಮ. ಆ ರೀಲು ಇಲ್ಲೇ ಇದೆ. ಹಂದಿ ಇದೆ ಅಂತ ಹಾಕ್ಲಿಲ್ಲ."

ಅಮ್ಮ ವಾಪಸು ಕೂತರು. "ಪಾಪ, ಅವು ಹಸ್ಕಂಡು ಹೋಪದು ಬ್ಯಾಡ. ಹಾಕು. ಎಂಗೊ ಕಣ್ಣು ಮುಚ್ಕತ್ಯ. ಉಂಡಾದ್ಮೇಲೆ ಹೇಳು."

ಮೂರನೇ ರೀಲು ಓಡಿತು. ಡೆನ್ಮಾರ್ಕಿನವರು ಹಂದಿ ಮುಗಿಸುವವರೆಗೆ ಸಾಗರದ ಹೆಂಗಸರೆಲ್ಲ ಮುಖಕ್ಕೆ ಸೆರಗು ಮುಚ್ಚಿ ಕೂತಿದ್ದರು. ಯಜಮಾನರೂ ಶಲ್ಯ ಮುಚ್ಚಿಕೊಂಡರು.

"ಆತು ಅಮ್ಮ, ಉಂಡ್ರು" ಅಂದೆ.

ಅಮ್ಮ ಸೆರಗು ತೆಗೆಯಲಿಲ್ಲ. ಒಳಗಿನಿಂದಲೇ ಕೇಳಿದರು:

"ಕಡೆಗೆ ಮಜ್ಜಿಗೆ ಬಡಸಿದ್ವಾ?"