ಪಶುಪತಿ ಭಾವನ ಪಾಚಿಯುಂಡೆ

"ಕುಮುದಾ, ಆ ಬ್ಲೀಚಿಂಗ್ ಪುಡಿ ಅತ್ಲಾಗಿಡಮ್ಮ! ವಿಜ್ಞಾನ ಬಂದಿದೆ!"

ಹಿತ್ತಿಲ ಗೇಟು ತಳ್ಳಿಕೊಂಡು ಪಶುಪತಿ ಭಾವ ಒಳಗೆ ಬಂದಾಗ ಕುಮುದಿನಿಯ ಎದೆ ಧಸಕ್ಕೆಂದಿತು. ಭಾವನೆಂದರೆ ಗಂಡನ ಅಣ್ಣ, ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ಹೋದ ತಿಂಗಳು ಅವರೇ ಕಟ್ಟಿದ ಯಂತ್ರ ಮಗುಚಿದ ದೋಸೆ ಫ್ಯಾನಿನ ರೆಕ್ಕೆಗೆ ಅಂಟಿ ಮೂರು ದಿನ ಸುತ್ತಿತ್ತು!

ಆದರೆ ಅವಳಿಗೂ ಬೇರೆ ದಾರಿಯಿರಲಿಲ್ಲ. ಮೈಸೂರಿನ ತಮ್ಮ ಬಡಾವಣೆಯ ಹೆಂಗಸರಿಗೆ ಅವಳು ಹಿತ್ತಿಲ ಕೊಳದಲ್ಲಿ ಈಜು ಕಲಿಸುತ್ತಿದ್ದಳು. ನಾಲ್ಕು ದಿನ ಪಂಪು ಕೆಟ್ಟಿದ್ದೇ ತಡ, ಪಾಚಿ ಕಟ್ಟಿ ನೀರು ಪಾಲಕ್ ಸಾರಿನಂತಾಗಿತ್ತು. ಪುಡಿ ಸುರಿದರೆ ಎರಡು ದಿನ ಯಾರೂ ಇಳಿಯುವಂತಿಲ್ಲ. ಕಲಿಯಲು ಬರುತ್ತಿದ್ದ ಗಿರಿಜಮ್ಮನಿಗೋ ಇವತ್ತೇ ಕಡೇ ಪಾಠ. ಮಗಳ ಬಾಣಂತನಕ್ಕೆ ಸಂಜೆ ರಾಯಚೂರಿಗೆ ಹೊರಡುವವರಿದ್ದರು. ಕೈಕಾಲು ಬಡಿಯುವುದೆಲ್ಲ ಕಲಿತರೂ, ಮೂರು ತಿಂಗಳಿಂದ ಅವರು ಅಂಚಿನ ಕಂಬಿಯನ್ನು ಒಂದು ಸಲವೂ ಬಿಟ್ಟಿರಲಿಲ್ಲ. "ನಾಳೆ ಬಿಟ್ಟೇ ಬಿಡ್ತೀನಿ ಕುಮುದಾ" ಎಂದು ನಿನ್ನೆ ಫೋನಿನಲ್ಲಿ ಆಣೆ ಮಾಡಿದ್ದರು.

ಭಾವನ ಸೊಂಟದಲ್ಲಿ ತಂತಿ ಸುತ್ತಿದ ಟಿಫಿನ್ ಡಬ್ಬಿಯೊಂದು ನೇತಾಡುತ್ತಿತ್ತು.

"ಏನ್ ಮಾಡುತ್ತೆ ಇದು?"

"ಪಾಚಿಗೆ ನೀರು ಅಂದ್ರೆ ವಾಕರಿಕೆ ಬರಿಸುತ್ತೆ! ಪಾಚಿ ತಾನಾಗೇ ಎದ್ದು, ಡಬ್ಬಿ ಶಬ್ದ ಬಂದ ಕಡೆ ನಡೆಯುತ್ತೆ!"

"ಅಂದ್ರೆ ನಿಮ್ಮ ಕಡೆಗೆ?"

"ಅದನ್ನ ಆಮೇಲೆ ನೋಡೋಣ" ಎಂದು ಭಾವ ಗುಂಡಿ ಒತ್ತಿದರು.

ಡಬ್ಬಿ ಗುಂಯ್ ಎಂದಿತು. ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಕೂಡುವಂತೆ ಹಸಿರೆಲ್ಲ ಮೂಲೆಮೂಲೆಯಿಂದ ಒಟ್ಟಾಗಿ, ಎಮ್ಮೆ ಗಾತ್ರದ ಉಂಡೆಯಾಗಿ ದಡ ಹತ್ತಿತು! ಕೊಳದಲ್ಲಿ ತಳದ ಟೈಲು ಎಣಿಸಬಹುದಿತ್ತು. ಕುಮುದಿನಿ ತನಗರಿವಿಲ್ಲದೆ ಚಪ್ಪಾಳೆ ತಟ್ಟಿದಳು.

ಉಂಡೆ ಮಾತ್ರ ಪಚಕ್ ಪಚಕ್ ಎಂದು ಭಾವನ ಬೆನ್ನು ಹತ್ತಿತು.

"ಆರಿಸಿ ಭಾವ!"

"ಗುಂಡಿ ಒಳಗೇ ಕಚ್ಕೊಂಡಿದೆ!"

"ಡಬ್ಬಿ ಬಿಚ್ಚಿ ಬಿಸಾಕಿ!"

"ಹತ್ತು ತಿಂಗಳ ಶ್ರಮ ಕಣಮ್ಮ!"

ಭಾವ ಸೀಬೆ ಮರ ಸುತ್ತಿ ಓಡಿದರು. ಉಂಡೆ ಒಣಗಲು ಹಾಕಿದ್ದ ಟವೆಲುಗಳನ್ನೂ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ನುಂಗಿ ಇನ್ನಷ್ಟು ಉಬ್ಬಿತು. ಸರಿಯಾಗಿ ಆಗಲೇ ಗಿರಿಜಮ್ಮ ಮತ್ತು ಉಳಿದ ನಾಲ್ವರು ಒಳಗೆ ಬಂದರು. ಭಾವ ಅವರತ್ತ ನುಗ್ಗಿದರು, ಹಿಂದೆಯೇ ಉಂಡೆ!

ಕೊಳದ ಪಕ್ಕ ಬಂದಾಗಲೆಲ್ಲ ಉಂಡೆ ಬೆಚ್ಚಿ ಹಿಂಜರಿಯುವುದನ್ನು ಗೇಟಿನ ಬಳಿಯಿದ್ದ ಕುಮುದಿನಿ ಕಂಡಳು. ಅದಕ್ಕೆ ಈಗ ನೀರೆಂದರೆ ಆಗದು!

"ಎಲ್ಲರೂ ನೀರಿಗೆ ಹಾರಿ!"

ನಾಲ್ವರು ಆಳವಿಲ್ಲದ ಕಡೆ ದಬದಬನೆ ಹಾರಿದರು. ಗಿರಿಜಮ್ಮ ಮಾತ್ರ ಅಂಚಿನಲ್ಲೇ ನಿಂತರು. ಪಕ್ಕದಲ್ಲೇ ಭಾವ ಕಾಲು ಜಾರಿ ಆಳದ ಕಡೆಗೇ ಬಿದ್ದರು. ಅವರಿಗೆ ಈಜು ಬಾರದು! ಒಮ್ಮೆ ಮುಳುಗಿ, ಒಮ್ಮೆ ತೇಲಿ, ಮತ್ತೆ ಮುಳುಗಿದರು. ಕುಮುದಿನಿ ಗಾಳಿ ತುಂಬಿದ ಟ್ಯೂಬು ಹಿಡಿದು ಓಡಿದಳು, ದೂರ ಬಹಳವಿತ್ತು.

"ಅಯ್ಯೋ, ಮುಳುಗ್ತಾ ಇದ್ದಾರೆ!" ಎಂದು ಗಿರಿಜಮ್ಮ ಕಣ್ಮುಚ್ಚಿ ಹಾರಿಯೇಬಿಟ್ಟರು. ಕೈಕಾಲು ಬಡಿಯುತ್ತ ಹೋಗಿ ಭಾವನ ಅಂಗಿಯ ಕಾಲರಿಗೆ ಕೈ ಹಾಕಿದರು.

"ಒದ್ದಾಡ್ಬೇಡಿ ಸ್ವಾಮಿ! ಕಾಲು ಬಡೀರಿ, ಉಸಿರು ಬಿಡಿ!" ಎಂದು ಗದರುತ್ತ ಎದೆಮಟ್ಟದ ನೀರಿಗೆ ಎಳೆದು ತಂದರು. ಆಮೇಲೆ ತಮ್ಮ ಬರಿಗೈಗಳನ್ನೇ ನೋಡಿಕೊಂಡರು. "ಕುಮುದಾ... ಕಂಬಿ ಬಿಟ್ಟೆ ಕಣೇ!"

ಕುಮುದಿನಿ ಟ್ಯೂಬಿನ ಮೇಲೆ ಕುಸಿದು ಕೂತಳು. ನಗುವೋ ಅಳುವೋ, ಉಸಿರಂತೂ ನಿರಾಳವಾಗಿ ಹೊರಬಂತು.

ನೀರು ಕುಡಿದ ಡಬ್ಬಿ ಬಿಕ್ಕಳಿಸಿ ಸುಮ್ಮನಾಯಿತು. ನೀರಿಗೆ ಹೆದರಿ ದಡದಲ್ಲೇ ನಿಂತಿದ್ದ ಉಂಡೆ ಬಲಗುಂದಿ ಧೊಪ್ಪನೆ ಬಿದ್ದು, ಬೋಳು ಹಿತ್ತಿಲಿನ ಉದ್ದಗಲಕ್ಕೂ ಹರಡಿಕೊಂಡು, ಹತ್ತೇ ನಿಮಿಷದಲ್ಲಿ ಬೇರು ಬಿಟ್ಟು, ಗೇಣುದ್ದ ಬೆಳೆದು ತೊನೆದಾಡಿತು!

ಪಂಚೆ ಹಿಂಡುತ್ತಿದ್ದ ಭಾವನ ಕಣ್ಣು ಮಿಂಚಿತು. "ನೋಡಿದ್ಯೇನಮ್ಮಾ, ಹುಲ್ಲುಹಾಸು! ಇನ್ನು ಇದನ್ನ ಕತ್ತರಿಸೋಕೆ ಒಂದು ಯಂತ್ರ..."

"ಮನೇಲಿ ಕತ್ತರಿ ಇದೆ ಭಾವ" ಎಂದಳು ಕುಮುದಿನಿ.