ತಳಕಿನಲ್ಲಿ ವಿಪತ್ತಿನ ಕೊರತೆ

ತಳಕು ಹೋಬಳಿಯಲ್ಲಿ ಬಹುಕಾಲದಿಂದ ಯಾವುದೇ ವಿಪತ್ತು ಸಂಭವಿಸಿಲ್ಲವೆಂಬ ಗಂಭೀರ ಲೋಪವು ಸರ್ಕಾರದ ಗಮನಕ್ಕೆ ಬಂದಿತು. ಕಾರ್ಗಿಲ್ ಯುದ್ಧ ಮುಗಿದು, ಗುಜರಾತಿನಲ್ಲಿ ಭೂಮಿ ನಡುಗಿದ ಮೇಲಿನ ಮಾತಿದು. ದೇಶರಕ್ಷಣೆ ಮತ್ತು ವಿಪತ್ತು ಸನ್ನದ್ಧತಾ ಇಲಾಖೆಯನ್ನು ಆಗ ಪುನರ್‌ರಚಿಸಲಾಯಿತು. ಮೊದಲಿನ ರಚನೆಯಲ್ಲಿ ದೋಷವಿತ್ತೆಂದಲ್ಲ. ಬೇರೆ ಇಲಾಖೆಗಳೆಲ್ಲ ಪುನರ್‌ರಚನೆಯಾಗುತ್ತಿರುವಾಗ ಇದೊಂದು ಸುಮ್ಮನಿದ್ದರೆ ನೋಡಿದವರು ಏನಂದಾರು?

ಇಲಾಖೆಯ ತಳಕು ಘಟಕವೆಂದರೆ ಒಂದು ಸೈರನ್ನು, ನಾಲ್ಕು ಬಕೆಟ್ಟು ಮತ್ತು ಜಂಪಣ್ಣ. ಕುರಿ ಕಾಯುವುದು ಬಿಟ್ಟು ಅವನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇಸಿಗೆ ಬಂತೆಂದರೆ ಹಟ್ಟಿಗಳಲ್ಲಿ ಬಣವೆ, ಗುಡಿಸಲು ಧಗಧಗ ಉರಿಯುತ್ತಿದ್ದವು. ಪುಣ್ಯಾತ್ಮ ಮನೆಮನೆ ಅಲೆದ. ಒಲೆಯ ಬೂದಿಗೆ ನೀರು ಚಿಮುಕಿಸದೆ ತಿಪ್ಪೆಗೆ ಹಾಕಬೇಡ್ರವ್ವಾ ಅಂತ ಬೇಡಿಕೊಂಡು, ಹೆಂಗಸರ ಕೈಲಿ ಬೈಸಿಕೊಂಡು, ಕೊನೆಗೆ ಬೆಂಕಿಯೇ ಬೀಳದಂತೆ ಮಾಡಿಬಿಟ್ಟ. ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು.

ಹೊಸ ನಿಯಮದ ಪ್ರಕಾರ ವಿಪತ್ತು ಇರುವಲ್ಲಿ ಘಟಕ, ಇಲ್ಲದಲ್ಲಿ ರದ್ದು. ಮೊಳಕಾಲ್ಮೂರಿನ ಘಟಕದವರು ಬೀಡಿ ಸೇದುತ್ತ ತಮ್ಮ ಕಚೇರಿಯನ್ನೇ ಸುಟ್ಟುಕೊಂಡಿದ್ದರು. ಅವರಿಗೆ ಜೀಪು ಮಂಜೂರಾಯಿತು. ತಳಕಿಗೆ ಚಳ್ಳಕೆರೆಯಿಂದ ಮೇಲಧಿಕಾರಿ ಮುರುಗೇಂದ್ರಪ್ಪನವರು ಬಂದರು. ಒಳ್ಳೆಯ ಮನುಷ್ಯ. ಜಂಪಣ್ಣ ಕೊಟ್ಟ ಮಜ್ಜಿಗೆ ಕುಡಿಯುತ್ತಲೇ, ಯುಗಾದಿಯೊಳಗೆ ಒಂದಾದರೂ ವಿಪತ್ತು ಆಗದಿದ್ದರೆ ಕೆಲಸ ಹೋಗುತ್ತದೆಂದು ಅವನಿಗೆ ತಿಳಿಸಿದರು.

"ಬೆಂಕಿ ಬೀಳ್ದಂಗೆ ನೋಡ್ಕಂಡಿದೀನಲ್ಲ ಸ್ವಾಮಿ?" ಎಂದ ಜಂಪಣ್ಣ.

"ಅದೇ ಕಣಪ್ಪಾ ತೊಂದ್ರೆ. ಬೀಳದೇ ಇರೋ ಬೆಂಕಿನ ನಾನು ಯಾವ ಕಾಲಮ್ಮಿಗೆ ಹಾಕ್ಲಿ?"

ಜಂಪಣ್ಣ ಕುರಿಗಳನ್ನು ಎಂದೋ ಮಾರಿಯಾಗಿತ್ತು. ಮಗಳು ಮಾಲತಿ ಚಳ್ಳಕೆರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಸಂಬಳ ನಿಂತ ದಿನವೇ ಅವಳ ಓದೂ ನಿಲ್ಲುವುದು. ಹಟ್ಟಿಯ ಕಟ್ಟೆಯ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತ.

ಹಟ್ಟಿಯವರದು ಕರುಳಿರೋ ಜೀವ. ಊರ ದನ ಕಾಯಲು ಮನೆಗೊಂದು ದಿನ ಸರದಿ ಎಂಬ ಪದ್ಧತಿ ಅವರಲ್ಲಿ ತಾತನ ಕಾಲದಿಂದಲೂ ಇದೆ. ಬೆಂಕಿಯನ್ನೂ ಹಾಗೇ ಹಂಚಿಕೊಂಡರಾಯಿತು, ವರ್ಷಕ್ಕೊಂದು ಮನೆ ಎಂದು ಹಿರಿಯ ಬೊಮ್ಮಣ್ಣ ತೀರ್ಮಾನಿಸಿದ. ಮೊದಲ ಸರದಿ ಬೋರಕ್ಕನದು. ಅವಳು ತಕರಾರು ಎತ್ತಲಿಲ್ಲ. ಬಣವೆಯಲ್ಲಿ ಹೇಗೂ ಇಲಿ ಜಾಸ್ತಿಯಾಗಿವೆ, ಹಾಲು ಕರೆದಾದ ಮೇಲೆ ಹಚ್ಚಿ ಸಾಕು ಎಂದಳು.

ಸಾಹೇಬರ ಸಮ್ಮುಖದಲ್ಲಿ ಬಣವೆ ಉರಿಯಿತು, ಸೈರನ್ನು ಕೂಗಿತು, ಜಂಪಣ್ಣ ಆರಿಸಿದ. ಮುರುಗೇಂದ್ರಪ್ಪನವರ ಕಣ್ಣು ತುಂಬಿ ಬಂತು. ಘಟಕ ಉಳಿಯಿತು. ಜಂಪಣ್ಣನಿಗೆ ವಿಪತ್ತು ಸಂಯೋಜಕನೆಂದು ಬಡ್ತಿ ಸಿಕ್ಕಿತು. ಮನೆಯಲ್ಲಿ ಮದುವೆ ಐತೆ, ನಮ್ಮ ಬೆಂಕಿನ ಸ್ವಲ್ಪ ಮುಂದಕ್ಕೆ ಹಾಕಣ್ಣಾ ಅಂತ ಜನ ಅವನ ಬಳಿ ಬರತೊಡಗಿದರು.

ಮರುವರ್ಷ ನಿಯಮಕ್ಕೆ ತಿದ್ದುಪಡಿ ಬಂತು. ಬಣವೆ ಸುಟ್ಟರೆ ಭಾಗಶಃ ವಿಪತ್ತು. ವಾಸದ ಮನೆ ಸುಟ್ಟರೆ ಮಾತ್ರ ಪೂರ್ಣ. ಆ ವರ್ಷದ ಸರದಿ ಜಂಪಣ್ಣನದೇ ಆಗಿತ್ತು. ತಾನು ಸರ್ಕಾರಿ ನೌಕರ, ತನಗೆ ವಿನಾಯಿತಿ ಇರಬೇಕಲ್ಲ ಎಂದು ಅವನು ಬೊಮ್ಮಣ್ಣನ ಹತ್ತಿರ ಹೋದ.

"ದನ ಕಾಯಾಕೆ ಗೌಡ್ರ ಮನೆಗೂ ಸರದಿ ತಪ್ಪಿಲ್ಲ ಕಣ್ಲಾ," ಎಂದ ಬೊಮ್ಮಣ್ಣ. ನ್ಯಾಯವಾದ ಮಾತು.

ಹೆಂಡತಿ ರೇಣುಕಮ್ಮ ಬೆಳಗ್ಗೆಯೇ ಪಾತ್ರೆಪಗಡೆ ಹೊರಗೆ ಸಾಗಿಸಿದಳು. ಮುರುಗೇಂದ್ರಪ್ಪನವರು ಜೀಪಿಳಿದು ಕುರ್ಚಿಯಲ್ಲಿ ಕೂತರು. ಜಂಪಣ್ಣ ತನ್ನ ಕೈಯಾರೆ ಸೂರಿಗೆ ಕಡ್ಡಿ ಗೀರಿದ. ಹುಲ್ಲು ಭಗ್ಗೆಂದಿತು. ಅವನ ಕೈ ತಾನೇ ತಾನಾಗಿ ಬಕೆಟ್ಟಿಗೆ ಹೋಯಿತು. ಇಷ್ಟು ವರ್ಷದ ಅಭ್ಯಾಸ. ಸಾಹೇಬರು ಎದ್ದು ಬಂದು ಮೆಲ್ಲಗೆ ಆ ಕೈ ಹಿಡಿದುಕೊಂಡರು.

"ತಡಿಯಪ್ಪಾ, ಪೂರ್ಣ ಆಗ್ಲಿ."

ಜಂಪಣ್ಣ ತಡೆದು ನಿಂತ. ತೊಲೆ ಮುರಿದು ಬಿದ್ದಾಗ ಹಟ್ಟಿಯವರೆಲ್ಲ ಚಪ್ಪಾಳೆ ತಟ್ಟಿದರು. ರೇಣುಕಮ್ಮನೂ ತಟ್ಟಿದಳು.