ಆರ್‌ವಿಯಲ್ಲಿ ಸಂಸಾರ, ಕಾಡಿನಲ್ಲಿ ಚಾಕರಿ

ನಿಂತ ಮನೆಯಲ್ಲಿ ಸಂಸಾರ ಮಾಡುವವರಿಗೇ ದಿನಕ್ಕೊಂದು ಪಜೀತಿ ತಪ್ಪಿದ್ದಲ್ಲ. ಇನ್ನು ಚಕ್ರದ ಮೇಲೆ ಸಂಸಾರ ಹೂಡಿದವರನ್ನು ಕೇಳಬೇಕೆ? ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಸಿಯಾಟಲ್ ಹತ್ತಿರದ ಕ್ಯಾನ್ಯನ್ ಪಾರ್ಕಿನ ಸಾಫ್ಟ್‌ವೇರ್ ಕೆಲಸಕ್ಕೆ ಕೈಮುಗಿದೆ. ಮನೆ ಮಾರಿ ಆರ್‌ವಿ ತಗೊಂಡೆವು. ಅಡುಗೆಮನೆ, ಮಂಚ, ಬಚ್ಚಲು, ದೇವರ ಗೂಡು, ಎಲ್ಲ ಒಂದೇ ಬಸ್ಸಿನೊಳಗೆ. ಸಿಯಾಟಲ್‌ನಿಂದ ಪೂರ್ವಕ್ಕೆ, ಬೆಟ್ಟದ ಬುಡದ ಸರ್ಕಾರಿ ಕಾಡಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿ ನಿಲ್ಲಿಸಲು ನಮಗೆ ಪುಕ್ಕಟೆ ಜಾಗ. ಅದಕ್ಕೆ ಬದಲಾಗಿ ಟೆಂಟ್ ಹಾಕಲು ಬರುವವರನ್ನು ನೋಡಿಕೊಳ್ಳಬೇಕು. ಈ ಚಾಕರಿಗೆ ಕ್ಯಾಂಪ್ ಹೋಸ್ಟ್ ಎಂದು ಹೆಸರು.

ಹೊರಡುವ ಮೊದಲೇ ನನ್ನ ಹೆಂಡತಿ ಷರತ್ತು ಹಾಕಿದ್ದಳು. "ಒಂದು ಸಮ್ಮರ್ ನೋಡ್ತೀನಿ. ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಊರಿಗೆ, ಟೋಟೆಮ್ ಲೇಕ್‌ನಲ್ಲಿ ಅಪಾರ್ಟ್‌ಮೆಂಟು. ಆಮೇಲೆ ಕಾಡು ಗೀಡು ಅನ್ನಬಾರ್ದು." ನನಗೋ ಮೊದಲ ವಾರಕ್ಕೇ ಆ ಕಾಡಿನ ಹುಚ್ಚು ಹಿಡಿದಿತ್ತು. ಹಾಗಾಗಿ ಬೇಸಿಗೆಯೆಲ್ಲ ಅವಳ ಮುಖ ನೋಡಿಕೊಂಡೇ ಕಳೆದೆ.

ಅತ್ತೆಯವರ ವಿಚಾರಣೆ

ಮೈಸೂರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದಾಗ ನನ್ನ ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು.

"ಅಳಿಯಂದ್ರೇ, ಕೆಲಸದಿಂದ ತೆಗೆದುಬಿಟ್ರಾ?"

"ಇಲ್ಲ ಅತ್ತೆ, ನಾನೇ ಬಿಟ್ಟೆ. ಇದು ಸೇವೆ, ಸಂಬಳ ಇಲ್ಲ. ಕ್ಯಾಂಪಿಗೆ ಬಂದೋರು ಹೋದ್ಮೇಲೆ ಬೂದಿ ತೆಗೀಬೇಕು, ಕಸ ಗುಡಿಸ್ಬೇಕು, ಟಾಯ್ಲೆಟ್ ನೋಡ್ಕೋಬೇಕು."

ಅತ್ತೆ ಕನ್ನಡಕ ಏರಿಸಿ ನನ್ನ ಕೈಯ ಪೊರಕೆಯನ್ನೇ ನೋಡಿದರು. ನೊಂದುಕೊಂಡರೇನೋ ಎಂದು ನನಗೂ ಕಸಿವಿಸಿಯಾಯಿತು. ಆಮೇಲೆ ತಮ್ಮ ಮಗಳನ್ನು ಕರೆದು ಮೆಲ್ಲಗೆ ಕೇಳಿದರು: "ಮನೆ ಒಳಗೂ ಮಾಡ್ತಾರೇನೇ?"

"ಎಲ್ಲಮ್ಮಾ! ಊರಿನೋರ ಕಸ ಗುಡಿಸಿ ಸುಸ್ತಾಗಿ ಬಂದು ಮಲ್ಕೋತಾರೆ."

ಶುಕ್ರವಾರದ ರಂಗೋಲಿ

ತಿನ್ನುವ ಪದಾರ್ಥ ನೆಲದ ಮೇಲೆ ಒಂದು ಚೂರೂ ಬಿಡಬಾರದು, ಪ್ರಾಣಿಗಳು ಅಭ್ಯಾಸಬಿದ್ದು ಕಾಟ ಕೊಡುತ್ತವೆ. ಇದು ಕಾಡಿನ ಮೊದಲ ನಿಯಮ. ಸಂಜೆ ಸಂಜೆ ಪ್ರತಿ ಟೆಂಟಿಗೂ ಹೋಗಿ ಈ ಉಪದೇಶ ಮಾಡುವವನು ನಾನೇ. ಒಂದು ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮದೇ ಗಾಡಿಯ ಮೆಟ್ಟಿಲ ಮುಂದೆ ಅಕ್ಕಿಹಿಟ್ಟಿನ ದೊಡ್ಡ ರಂಗೋಲಿ. ಅದರ ಸುತ್ತ ಇರುವೆ, ಅಳಿಲು, ಮೇಲೊಂದು ನೀಲಿ ಹಕ್ಕಿಯ ಸಂಸಾರ.

ಅಷ್ಟರಲ್ಲಿ ನಮ್ಮ ರೇಂಜರ್ ಬಂದಳು. ನಮ್ಮ ಮೇಲಿನ ಅಧಿಕಾರಿ, ಆದರೆ ವಯಸ್ಸು ನಮ್ಮ ಮಗಳದೇ. ಹಿಟ್ಟು ಕೈತಪ್ಪಿ ಚೆಲ್ಲಿತು ಎಂದು ಹೇಳಿ ನಾನು ಪಾರಾಗುವವನಿದ್ದೆ. ನನ್ನ ಹೆಂಡತಿಗೆ ಸುಳ್ಳು ಆಗಿಬರುವುದಿಲ್ಲ. ಅವಳು ಮುಂದೆ ಬಂದು ಸಂಸ್ಕೃತಿ ವಿವರಿಸಿದಳು: "ಇದು ಬರೀ ಚಂದಕ್ಕಲ್ಲಮ್ಮ. ಇರುವೆ, ಅಳಿಲು, ಹಕ್ಕಿ, ಎಲ್ಲ ಬಂದು ತಿನ್ಲಿ ಅಂತ್ಲೇ ಹಾಕೋದು."

ರೇಂಜರ್ ನನ್ನ ಕಡೆ ತಿರುಗಿದಳು. "ಅಂದ್ರೆ, ಬೇಕೂ ಅಂತ್ಲೇ ಹಾಕಿದ್ದಾ?"

ಹೋಸ್ಟ್ ಯಾರು

ಟೆಂಟ್ ಹಾಕಲು ಬಂದ ಬೆಂಗಳೂರಿನ ಕುಟುಂಬವೊಂದು ಎಲ್ಲ ತಂದು ಮೊಸರು ಮರೆತಿತ್ತು. ಮೊಸರಿಲ್ಲದೆ ಊಟ ಮುಗಿಸುವುದು ಹೇಗೆ ಎಂದು ಗಂಡ ಹೆಂಡತಿ ಜಗಳಕ್ಕೆ ನಿಂತಿದ್ದರು. ನನ್ನವಳು ಒಂದು ಡಬ್ಬಿ ಮೊಸರು, ಮೇಲೆ ನಾಲ್ಕು ಹೋಳು ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟು ಬಂದಳು. ಅವರು ಆ ಸುದ್ದಿಯನ್ನು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಂದಿನ ವಾರದಿಂದ ಕನ್ನಡದವರು ಬರೀ ಅನ್ನ ಮಾಡಿಕೊಂಡು ಕ್ಯಾಂಪಿಗೆ ಬರತೊಡಗಿದರು.

"ಇವರನ್ನೆಲ್ಲ ಬಿಟ್ಟು ಕಾಡಿಗೆ ಬಂದ್ರೆ ಇಲ್ಲಿಗೂ ಬಂದ್ರಲ್ಲ" ಎಂದು ಗೊಣಗುತ್ತಲೇ ಅವಳು ದೊಡ್ಡ ಪಾತ್ರೆಗೆ ಹೆಪ್ಪು ಹಾಕುತ್ತಿದ್ದಳು.

ಒಂದು ಶನಿವಾರ ಕಾರಿನ ಗಾಜು ಇಳಿಸಿದವನಿಗೆ ನಾನು ಎದೆಯ ಮೇಲಿನ ಬ್ಯಾಡ್ಜ್ ಸರಿಮಾಡಿಕೊಂಡು ಹೇಳಿದೆ: "ವೆಲ್‌ಕಮ್! ನಾನು ಇಲ್ಲಿನ ಹೋಸ್ಟು."

"ಇರ್ಲಿ ಬಿಡಿ ಅಂಕಲ್," ಎಂದ. "ಆಂಟಿ ಎಲ್ಲಿ?"

ಒಂದೇ ಸಲ ಕೇಳಿದರೆ

ಬೇಸಿಗೆ ಮುಗಿಯಿತು. ಕೊನೆಯ ದಿನ ರೇಂಜರ್ ಬಂದು ನನ್ನ ಹೆಂಡತಿಯನ್ನೇ ಕೇಳಿದಳು: "ಮುಂದಿನ ವರ್ಷವೂ ಬರ್ತೀರಾ?"

ನಾನು ಪೊರಕೆ ಕೆಳಗಿಟ್ಟು ಕಿವಿಗೊಟ್ಟೆ.

"ಅಯ್ಯೋ, ನೋ ನೋ! ನಿಮಗ್ಯಾಕೆ ತೊಂದ್ರೆ" ಎಂದಳು ನನ್ನವಳು.

ಹುಡುಗಿಯ ಮುಖ ಬಾಡಿತು. "ಅರ್ಥವಾಯ್ತು, ಥ್ಯಾಂಕ್ಯೂ" ಎಂದು ತನ್ನ ಟ್ರಕ್ಕಿನ ಕಡೆ ನಡೆದೇಬಿಟ್ಟಳು. ನನ್ನವಳು ಗಾಡಿಯೊಳಗೆ ಹೋದಳು. ಅಲ್ಲಿಗೆ ನನ್ನ ಕಾಡು ಮುಗಿಯಿತು, ಇನ್ನು ಟೋಟೆಮ್ ಲೇಕೇ ಗತಿ ಎಂದುಕೊಂಡು ಒಳಗೆ ಹೋದರೆ ಪಾತ್ರೆಗಳ ಧಡಬಡ ಸದ್ದು.

"ನೋಡಿದ್ರಾ ರೀ? ಒಂದೇ ಒಂದ್ಸಲ ಕೇಳಿ ಹೋಗೇಬಿಟ್ಲು! ಕರೆಯೋದು ಅಂದ್ರೆ ಹೀಗಾ? ಮೊದಲ್ನೇ ಸಲಕ್ಕೇ ಹೂಂ ಅನ್ನೋಕೆ ನಾವೇನು ಕರೆಯೋದನ್ನೇ ಕಾಯ್ತಿದ್ವಾ?"

"ಹಾಗಾದ್ರೆ ನಿನಗೆ ಬರೋಕೆ ಇಷ್ಟ ಇದೆಯಾ?"

"ಇಲ್ದೆ ಏನ್ರೀ! ಇಷ್ಟು ಜನ ಆಂಟಿ ಆಂಟಿ ಅಂತ ಬರ್ತಾರೆ. ಆ ಹುಡುಗಿಗೂ ಹೊತ್ತಿಗೆ ಸರಿಯಾಗಿ ಊಟ ಹಾಕೋರು ಯಾರಿದಾರೆ?" ಅವಳ ಕಣ್ಣಲ್ಲಿ ನೀರಿತ್ತು.

ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿ ಟ್ರಕ್ಕಿಗೆ ಅಡ್ಡ ನಿಂತೆ. ಏದುಸಿರು ಬಿಡುತ್ತಲೇ ಹೇಳಿದೆ: "ನಮ್ಮಲ್ಲಿ ಮೊದಲ ಬೇಡ ಲೆಕ್ಕಕ್ಕಿಲ್ಲ. ಎರಡನೇದು ಮರ್ಯಾದೆಗೆ. ದಯವಿಟ್ಟು ಮೂರನೇ ಸಲದ ತನಕ ಕೇಳು."

ಹುಡುಗಿ ವಾಪಸ್ ಬಂದು ಬಾಗಿಲಲ್ಲಿ ನಿಂತು ಮತ್ತೆ ಕೇಳಿದಳು.

"ಬೇಡಮ್ಮ, ಯಾರಾದ್ರೂ ಚಿಕ್ಕ ವಯಸ್ಸಿನೋರನ್ನ ನೋಡ್ಕೋ."

ಅವಳು ಗಾಬರಿಯಿಂದ ನನ್ನ ಕಡೆ ನೋಡಿದಳು. ಇನ್ನೊಂದು, ಇನ್ನೊಂದು ಎಂದು ನಾನು ಹಿಂದಿನಿಂದ ಕೈ ಆಡಿಸಿದೆ.

"ಇಲ್ಲ, ನೀವು ಬರಲೇಬೇಕು!"

"ನೀನು ಇಷ್ಟೊಂದು ಬಲವಂತ ಮಾಡಿದ್ರೆ ನಾನು ಹೇಗಮ್ಮ ಇಲ್ಲ ಅನ್ಲಿ?" ಎಂದಳು ನನ್ನವಳು, ದೊಡ್ಡ ಉಪಕಾರ ಮಾಡುವವಳ ಹಾಗೆ.

"ಬಾ, ಕಾಫಿ ಕುಡಿ" ಎಂದು ಹುಡುಗಿಯನ್ನು ಕರೆದಳು.

ಅದುವರೆಗೆ ಕೇಳಿದ ತಕ್ಷಣ ಲೋಟಕ್ಕೆ ಕೈ ಚಾಚುತ್ತಿದ್ದ ಹುಡುಗಿ ಈ ಸಲ "ನೋ, ನೋ" ಎಂದಳು. ಎಂದವಳು ಕದಲಲಿಲ್ಲ. ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತು, ಇನ್ನೆರಡು ಸಲ ಕೇಳಲಿ ಎಂದು ನನ್ನ ಹೆಂಡತಿಯ ಮುಖವನ್ನೇ ನೋಡತೊಡಗಿದಳು.